‘ಮೂಲರೂಪ’ದ ಮೋಹವೂ ಮನೆಯ ಮೋಟಾರು ಸೈಕಲ್ಲೂ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ, ಹಳೆಯ ವಾಹನಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳ ಮಹನೀಯರೊಬ್ಬರು ಉಪನ್ಯಾಸ ಮಾಡಿದರು. ವಿಷಯವನ್ನು ಬಲ್ಲವರು, ಮಾತನ್ನೂ ಬಲ್ಲವರು. ಒಂದು ಗಂಟೆಯ ಕಾಲ ಸಭೆ ಅಲುಗಾಡಲಿಲ್ಲ. ಅವರ ಮಾತಿನ ಸಾರವನ್ನು ಅವರಿಗೆ ಅನ್ಯಾಯವಾಗದಂತೆ ಹೇಳುವುದಾದರೆ ಇಷ್ಟು: ಹಿರಿಯರಿಂದ ಬಂದ ವಾಹನವು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರತಕ್ಕದ್ದು, ನಡುವೆ ಯಾರಾದರೂ ಕೈಯಾಡಿಸಿದ್ದರೆ ಆ ಕೈಗುರುತುಗಳನ್ನೆಲ್ಲ ಅಳಿಸಿ ‘ಮೂಲರೂಪ’ಕ್ಕೆ ತರತಕ್ಕದ್ದು, ಹಾಗೆ ಮಾಡಲು ಶಕ್ತಿಯಿಲ್ಲದವರು ಶಕ್ತಿಯುಳ್ಳವರಿಗೆ ಅದನ್ನು ಒಪ್ಪಿಸಿಬಿಡುವುದು ಉಚಿತ. ದೃಷ್ಟಾಂತಕ್ಕೆಂದು ಅವರು, ಹೊರಗೆ ಹೊಂಗೆಯ ಮರದಡಿ ನಿಂತಿದ್ದ ನಮ್ಮ ಮನೆಯ ಮೋಟಾರು ಸೈಕಲ್ಲನ್ನೇ ಬೆರಳಿಟ್ಟು ತೋರಿಸಿದರು. ‘ಒಳ್ಳೆಯ ಬಂಡಿ, ಅಜ್ಞಾನದಿಂದ ಕೆಟ್ಟಿದೆ’ ಎಂದರು. ಸಭಿಕರು ನಕ್ಕರು, ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಗಳೂ ಇದ್ದರು.

ಅತಿಥಿಗಳೊಡನೆ ಸಭೆಯಲ್ಲಿ ವಾದಕ್ಕಿಳಿಯುವುದು ಸಲ್ಲದೆಂದು ಅಂದು ಸುಮ್ಮನಾದೆವು. ಆದರೆ ಉಪನ್ಯಾಸ ಮುಗಿದ ಮೇಲೆ ಅವರು ನಮ್ಮನ್ನು ಬದಿಗೆ ಕರೆದು, ಬಂಡಿಗೆ ಒಂದು ಬೆಲೆಯನ್ನೂ ಹೇಳಿದರು. ನಮ್ಮಂಥ ಪ್ರಾಥಮಿಕ ಶಾಲಾ ಉಪಾಧ್ಯಾಯರ ಮೂರು ತಿಂಗಳ ಸಂಬಳಕ್ಕೆ ಕಡಮೆಯಲ್ಲದ ಮೊತ್ತ. ಆ ಮಾತು ಮನೆಯನ್ನು ಮುಟ್ಟಿತು. ಮಳೆಗಾಲದಲ್ಲಿ ನಮ್ಮ ಹಿತ್ತಿಲ ಕಡೆಯ ಸೂರು ಸೋರುತ್ತದೆ. ತಮ್ಮನು ‘ಅಣ್ಣಾ, ತುಕ್ಕಿಗೆ ಬಂದ ಬೆಲೆಯಲ್ಲಿ ಹೆಂಚು ಹೊದಿಸಬಹುದು’ ಎನ್ನುತ್ತಾನೆ. ಹೀಗೆ ಸಭೆಯ ವಿಷಯ ಮನೆಯ ವಿಷಯವಾಗಿ ಪರಿಣಮಿಸಿದ ಕಾರಣ, ನಮ್ಮ ಉತ್ತರವನ್ನು ಈ ಪತ್ರಿಕೆಯಲ್ಲಿ ಮುಂದಿಡುತ್ತಿದ್ದೇವೆ. ಚಪ್ಪಾಳೆ ತಟ್ಟಿದ ಬಂಧುಗಳು ಇದನ್ನೂ ಓದಲಿ.

ಮೊದಲು, ‘ಕೆಟ್ಟಿದೆ’ ಎನಿಸಿಕೊಂಡ ಬಂಡಿಯ ವೃತ್ತಾಂತ. ಇದು ೨೫೦ ಸಿ.ಸಿ. ವರ್ಗದ ಜಾವಾ; ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಸಿದ್ಧವಾದುದು. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಆ ಕಾರ್ಖಾನೆಯು ೧೯೬೦ರ ದಶಕದ ಆರಂಭದಲ್ಲಿ ಕೆಲಸಕ್ಕೆ ತೊಡಗಿತು. ೧೯೭೩ರಿಂದ ಅಲ್ಲಿಯ ಬಂಡಿಗಳು ಯೆಜ್ಡಿ ಎಂಬ ಹೆಸರು ತಾಳಿದವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ತಾತನವರು ಇದನ್ನು ಕೊಂಡದ್ದು ೧೯೬೫ರಲ್ಲಿ. ಮೈಸೂರಿನಿಂದ ಚಾಮರಾಜನಗರದ ಮಾರ್ಗವಾಗಿ ತಾಳವಾಡಿಯ ಬಯಲಿಗೆ ತಾವೇ ಓಡಿಸಿಕೊಂಡು ಬಂದರಂತೆ.

ನಮ್ಮ ಅಜ್ಜಿ ಸೂಲಗಿತ್ತಿ. ಸುತ್ತಲ ಹತ್ತಾರು ಊರುಗಳಲ್ಲಿ ಹೆರಿಗೆ ಮಾಡಿಸಿದ ಕೈ ಅವರದು. ಕರೆ ಬರುವುದಕ್ಕೆ ಹೊತ್ತು ಗೊತ್ತಿಲ್ಲ. ನಡುರಾತ್ರಿಯಲ್ಲಿ ಲಾಂದ್ರ ಹಿಡಿದು ಯಾರೋ ಬಾಗಿಲು ಬಡಿಯುತ್ತಿದ್ದರು. ಸೀರೆಯುಟ್ಟು ಒಂದೇ ಮಗ್ಗುಲಿಗೆ ಕಾಲಿಟ್ಟು ಕುಳಿತವರಿಗೆ ಕಾರ್ಖಾನೆಯವರು ಕೊಟ್ಟಿದ್ದ ಹಿಂದಿನ ಕಾಲ್ಗೊರಡು ಸಾಲದು. ಕಲ್ಲುದಾರಿಯಲ್ಲಿ ಎರಡು ಸಲ ಅಜ್ಜಿ ಜಾರಿದರು. ಆಗ ತಾತನವರು ಊರ ಕುಲುಮೆಯಲ್ಲಿ ಒಂದು ಕಬ್ಬಿಣದ ಹಲಗೆಯನ್ನು ಬಡಿಸಿ, ಎಡಮಗ್ಗುಲಿಗೆ, ಸೈಲೆನ್ಸರಿನ ಮೇಲೆ, ಚಾಸಿಗೆ ಹಾಕಿದ ಪಟ್ಟಿಯೊಂದಕ್ಕೆ ಬಿಗಿದರು. ಎರಡು ಪಾದ ನೆಮ್ಮದಿಯಾಗಿ ಊರುವಷ್ಟು ಅಗಲ. ಸೀರೆಯ ಸೆರಗು ಗಾಲಿಗೆ ಸಿಕ್ಕದಂತೆ ಒಂದು ಜಾಲರಿ. ಆಸನದ ಹಿಂದೆ ಅಜ್ಜಿಯ ಚೀಲಕ್ಕೂ ಬಿಸಿನೀರಿನ ಪಾತ್ರೆಗೂ ಒಂದು ಅಗಲವಾದ ಕ್ಯಾರಿಯರು. ಉತ್ತ ಹೊಲದ ಅಂಚಿನಲ್ಲಿ ನಿಲ್ಲಿಸಿದರೆ ಸ್ಟ್ಯಾಂಡು ಮಣ್ಣಿನಲ್ಲಿ ಇಳಿದು ಬಂಡಿ ಮಗುಚಿಕೊಳ್ಳುತ್ತಿತ್ತಾದ್ದರಿಂದ ಸ್ಟ್ಯಾಂಡಿನ ಕಾಲಿಗೆ ತಟ್ಟೆಯಷ್ಟಗಲದ ಎರಡು ಬಿಲ್ಲೆಗಳು. ಉಪನ್ಯಾಸಕರು ಅಜ್ಞಾನವೆಂದು ಕರೆದದ್ದು ಇವನ್ನೇ.

ಈಗ ಅವರ ‘ಮೂಲ’ವನ್ನು ಸ್ವಲ್ಪ ಕೆದಕೋಣ. ಜಾವಾ ಎಂಬ ಹೆಸರು ಹುಟ್ಟಿದ್ದು ಹೇಗೆ? ೧೯೨೯ರಲ್ಲಿ ಯಾನೆಚೆಕ್ ಎಂಬ ಪ್ರಾಗ್ ನಗರದ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಒಂದು ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಇಟ್ಟ ಹೆಸರದು. ಅಂದರೆ ಮೊಟ್ಟಮೊದಲ ಜಾವಾ ಬಂಡಿಯೇ ಇನ್ನೊಬ್ಬರದನ್ನು ಪಡೆದು ತನ್ನದಾಗಿಸಿಕೊಂಡದ್ದು! ಬಳಿಕ ಮೈಸೂರಿನಲ್ಲಿ ಆದದ್ದೇನು? ಆರಂಭದಲ್ಲಿ ಹೊರದೇಶದ ಭಾಗಗಳನ್ನು ತರಿಸಿ ಜೋಡಿಸಿದರು. ಬರಬರುತ್ತ ಒಂದೊಂದಾಗಿ ಇಲ್ಲಿಯೇ ತಯಾರಿಸಿದರು. ಯಾವ ತಿಂಗಳಿನ ಬಂಡಿಯು ಮೂಲ, ಯಾವುದು ವಿಕಾರ? ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಉಪನ್ಯಾಸಕರು ಹೇಳಲಿಲ್ಲ.

ಇದಕ್ಕಿಂತ ವಿನೋದವಾದ ಸಂಗತಿ ಒಂದಿದೆ. ಮೂಲರೂಪಕ್ಕೆ ತಂದ ಬಂಡಿಯನ್ನು ಸಮೀಪದಿಂದ ನೋಡಿರಿ. ಬಣ್ಣ ಹೋದ ವರುಷದ್ದು. ಸೈಲೆನ್ಸರುಗಳು ಈಚೆಗೆ ಯಾವುದೋ ಕೈಕಾರ್ಖಾನೆಯಲ್ಲಿ ಬಗ್ಗಿಸಿ ಹೊಳಪು ಕೊಟ್ಟವು. ಆಸನದ ಹೊದಿಕೆ, ಟ್ಯಾಂಕಿನ ಲಾಂಛನ, ರಬ್ಬರುಗಳು, ಹ್ಯಾಂಡಲಿನ ಹಿಡಿಗಳು ಎಲ್ಲವೂ ಹಳೆಯದರ ಅಚ್ಚಿನಲ್ಲಿ ಹೊಸದಾಗಿ ತಯಾರಾಗಿ ಅಂಗಡಿಯಲ್ಲಿ ಮಾರಾಟವಾದವು. ಕಾರ್ಖಾನೆ ಮುಚ್ಚಿ ಮೂರು ದಶಕವಾಗುತ್ತ ಬಂದಿರುವಾಗ ಬೇರೆ ದಾರಿಯೂ ಇಲ್ಲ; ಅದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ಆದರೆ ನೆನ್ನೆಯ ತಗಡಿಗೆ ‘ಮೂಲ’ವೆಂಬ ಹೆಸರು, ಅರವತ್ತು ವರುಷದ ಕುಲುಮೆಯ ಹಲಗೆಗೆ ‘ಅಜ್ಞಾನ’ವೆಂಬ ಹೆಸರು ಎಂದರೆ ಅದನ್ನು ಒಪ್ಪುವುದು ಹೇಗೆ? ಆ ಬಂಡಿಯ ಮೇಲೆ ಇಂದು ಇರುವ ಹಳೆಯ ವಸ್ತುಗಳಲ್ಲಿ ಅಜ್ಜಿಯ ಹಲಗೆಯೂ ಒಂದು.

ನಮ್ಮ ಏಳನೆಯ ತರಗತಿಯ ಹುಡುಗರಿಗೆ ಈ ವಾದ ಬೇಗನೆ ತಿಳಿಯಿತು, ಏಕೆಂದರೆ ಅವರು ಅಳೆದು ನೋಡಿದ್ದಾರೆ. ಈ ಎಂಜಿನಿನ ಸಿಲಿಂಡರಿನ ವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನು ಚಲಿಸುವ ದೂರ ೭೫ ಮಿಲಿಮೀಟರು. ವರ್ತುಲದ ಕ್ಷೇತ್ರಫಲವನ್ನು ಕಂಡುಹಿಡಿದು ಗುಣಿಸಿದರೆ ೨೪೮.೯ ಘನ ಸೆಂಟಿಮೀಟರು ಬರುತ್ತದೆ. ಬಂಡಿಯನ್ನು ೨೫೦ ಎಂದು ಕರೆಯುವುದು ಇದರಿಂದ. ಆದರೆ ಸಿಲಿಂಡರು ಸವೆದಾಗ ಲೇತಿನವರ ಬಳಿ ಒಯ್ದು ಕಾಲು ಮಿಲಿಮೀಟರಿನ ಹಂತಗಳಲ್ಲಿ ಬೋರು ಮಾಡಿಸಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ನು ಹಾಕಿಸುತ್ತಾರೆ. ನಮ್ಮದು ಎರಡು ಸಲ ಬೋರಾಗಿದೆ. ಈಗ ವ್ಯಾಸ ೬೫.೫ ಮಿಲಿಮೀಟರು. ಲೆಕ್ಕ ಹಾಕಿದ ಹುಡುಗನೊಬ್ಬ ಉತ್ತರ ೨೫೨.೭ ಬಂದುದನ್ನು ಕಂಡು, ‘ಸಾರ್, ಹಾಗಾದರೆ ಗಾಡಿ ವಯಸ್ಸಾದಂತೆ ದೊಡ್ಡದಾಗಿದೆ’ ಎಂದನು. ಓಡಿದ ಯಾವ ಬಂಡಿಯೂ ಮೂಲರೂಪದಲ್ಲಿ ಉಳಿಯುವುದಿಲ್ಲ. ಓಡದೆ ನಿಂತದ್ದು ಮಾತ್ರ ಉಳಿದೀತು, ಅದೂ ತುಕ್ಕು ಬಿಟ್ಟರೆ.

ಉಪನ್ಯಾಸಕರು ಸರಕಾರದ ನಿಯಮವನ್ನೂ ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ಕರೆದರು. ನಿಯಮ ಇರುವುದು ನಿಜ. ೨೦೨೧ರಲ್ಲಿ ಕೇಂದ್ರ ಸರಕಾರವು ಪುರಾತನ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಕ್ರಮವನ್ನು ತಂದಿತು. ಮೊದಲ ನೋಂದಣಿಯಾಗಿ ೫೦ ವರುಷ ಕಳೆದಿರಬೇಕು. ಚಾಸಿ, ಮೈಕಟ್ಟು, ಎಂಜಿನು ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಅವಧಿ ೧೦ ವರುಷ. ಸಂಖ್ಯಾಫಲಕದಲ್ಲಿ ‘ವಿ ಎ’ ಎಂಬ ಎರಡಕ್ಷರದ ಗೌರವ. ಇಷ್ಟನ್ನು ಅವರು ಹೇಳಿದರು. ಹೇಳದೆ ಬಿಟ್ಟದ್ದನ್ನು ನಾವು ಹೇಳುತ್ತೇವೆ: ಹಾಗೆ ನೋಂದಣಿಯಾದ ವಾಹನವನ್ನು ದಿನಬಳಕೆಗಾಗಲಿ ವಾಣಿಜ್ಯಕ್ಕಾಗಲಿ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ಮೆರವಣಿಗೆಗೆ, ಸಂಶೋಧನೆಗೆ, ಇಲ್ಲವೆ ಪೆಟ್ರೋಲು ತುಂಬಿಸಲು, ರಿಪೇರಿಗೆ ಒಯ್ಯಲು ಮಾತ್ರ ಹೊರತರಬಹುದು. ಪೆಟ್ರೋಲು ತುಂಬಿಸಲು ಹೊರಡಬಹುದು, ತುಂಬಿಸಿದ ಪೆಟ್ರೋಲಿನಲ್ಲಿ ಶಾಲೆಗೆ ಹೋಗುವಂತಿಲ್ಲ! ಸಂಗ್ರಾಹಕರಿಗೆ ಇದು ಅನುಕೂಲವಾದ ನಿಯಮ; ಇರಲಿ. ಮನೆಯ ಬಂಡಿಗೆ ಇದು ತಕ್ಕುದಲ್ಲ.

ನಮ್ಮ ಬಂಡಿಗಂತೂ ಆ ಗೌರವ ಎಂದೆಂದಿಗೂ ದೊರೆಯದು. ಹಲಗೆಯ ಪಟ್ಟಿ ಚಾಸಿಗೆ ಕೂಡಿದೆ ಎಂಬುದೊಂದೇ ಅಲ್ಲ; ೧೯೮೪ರಲ್ಲಿ ಎಂಜಿನಿನ ಕ್ರಾಂಕು ಕೇಸು ಸೀಳಿದಾಗ ನಮ್ಮ ತಂದೆಯವರು ಯೆಜ್ಡಿಯ ಎಂಜಿನೊಂದನ್ನು ತಂದು ಕೂರಿಸಿದರು. ಅಂದು ಜಾರಿಯಲ್ಲಿದ್ದ ೧೯೩೯ರ ಕಾಯದೆಯ ಮೇರೆಗೆ ಅದನ್ನು ಅಧಿಕಾರಿಗಳಿಗೆ ತಿಳಿಸಿ ನೋಂದಣಿ ಪುಸ್ತಕದಲ್ಲಿ ಬರೆಸಿದರು. ಆ ಹಾಳೆ ನಮ್ಮಲ್ಲಿದೆ. ಆದುದರಿಂದ ನಾವು ಸಾಮಾನ್ಯ ನೋಂದಣಿಯನ್ನೇ ಐದೈದು ವರುಷಕ್ಕೊಮ್ಮೆ ನವೀಕರಿಸಿಕೊಂಡು ಬರುತ್ತಿದ್ದೇವೆ. ಇದರ ಶುಲ್ಕ ೨೦೨೨ರ ಏಪ್ರಿಲಿನಲ್ಲಿ ೩೦೦ ರೂಪಾಯಿಯಿಂದ ೧,೦೦೦ಕ್ಕೆ ಏರಿತು. ೨೦ ವರುಷ ಮೀರಿದ ದ್ವಿಚಕ್ರಗಳಿಗೆ ೨೦೨೫ರಲ್ಲಿ ೨,೦೦೦ ಆಯಿತು. ಕಚೇರಿಯೊಂದರ ಗುಮಾಸ್ತರು ಕಾಗದಗಳನ್ನು ನೋಡುತ್ತ, ‘ಮೇಷ್ಟ್ರೇ, ಇದನ್ನು ಗುಜರಿಗೆ ಹಾಕಿದರೆ ನಿಮಗೂ ಲಾಭ, ನಮಗೂ ಬಿಡುವು’ ಎಂದರು. ಅವರ ಬಿಡುವಿಗೆ ನಾವು ಅಡ್ಡಿಯಾದೆವು.

ಇಲ್ಲಿ ಹುಡುಗರಿಗೆ ಒಂದು ಮಾತು. ತಾತನವರು ಮಾಡಿದರೆಂದು ನೀವು ನಿಮ್ಮ ಹೊಸ ಬಂಡಿಗೆ ಕತ್ತರಿ ಹಾಕುವಿರಾದರೆ ನಮ್ಮ ವಾದವನ್ನು ತಪ್ಪಾಗಿ ತಿಳಿದಂತೆ. ೧೯೮೮ರ ಕಾಯದೆಯ ೫೨ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಬಾರದೆನ್ನುತ್ತದೆ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ೨೦೧೯ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಗತ್ಯಕ್ಕಾಗಿ ಹಲಗೆ ಹಾಕಿದ್ದು ಬೇರೆ; ಗದ್ದಲಕ್ಕಾಗಿ ಸೈಲೆನ್ಸರು ಕೊರೆದದ್ದು ಬೇರೆ.

ಸೈಲೆನ್ಸರು ಎಂದಾಗ ನಮ್ಮ ಮನೆಯ ತಪ್ಪನ್ನೂ ಮುಚ್ಚಿಡಲಾಗದು. ತಂದೆಯವರು ತಾರುಣ್ಯದಲ್ಲಿ, ಸ್ನೇಹಿತರ ಮಾತು ಕೇಳಿ, ಎರಡೂ ಸೈಲೆನ್ಸರುಗಳ ಒಳಗಿನ ಬ್ಯಾಫಲುಗಳನ್ನು ಕಿತ್ತೆಸೆದಿದ್ದರು. ಬಂಡಿ ಬರುವುದು ಎರಡು ಮೈಲಿ ದೂರಕ್ಕೆ ಕೇಳುತ್ತಿತ್ತು. ಏರಿನಲ್ಲಿ ಮಾತ್ರ ಸುಸ್ತಾಗುತ್ತಿತ್ತು. ಇದಕ್ಕೆ ಕಾರಣವಿದೆ. ಇದು ಎರಡು ಹೊಡೆತದ ಎಂಜಿನು. ಇದರಲ್ಲಿ ನಾಲ್ಕು ಹೊಡೆತದ ಎಂಜಿನಿನಲ್ಲಿರುವಂತಹ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನು ಮೇಲೆ ಕೆಳಗೆ ಚಲಿಸುತ್ತ ತಾನೇ ಅವುಗಳನ್ನು ಮುಚ್ಚಿ ತೆರೆಯುತ್ತದೆ. ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಮಿಶ್ರಣವೂ ಒಳಗೆ ಬರುತ್ತಿರುತ್ತದೆ. ಸೈಲೆನ್ಸರಿನೊಳಗಿನಿಂದ ಹಿಂದಿರುಗುವ ಒತ್ತಡದ ಅಲೆಯು ಈ ಮಿಶ್ರಣ ಹೊರಗೆ ಓಡಿಹೋಗದಂತೆ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಒಳಗಿನ ರಚನೆಯನ್ನು ಕಿತ್ತರೆ ಈ ಲೆಕ್ಕ ತಪ್ಪುತ್ತದೆ: ಶಬ್ದ ಹೆಚ್ಚು, ಬಲ ಕಡಮೆ, ಪೆಟ್ರೋಲು ದಂಡ. ನಾವು ಬ್ಯಾಫಲುಗಳನ್ನು ತರಿಸಿ ಹಾಕಿದೆವು. ತಂದೆಯವರು ಜಗಲಿಯಲ್ಲಿ ಕುಳಿತು ಕೇಳಿ, ‘ಅಪ್ಪನ ಕಾಲದ ಸದ್ದು ಬಂತು’ ಎಂದಷ್ಟೇ ಹೇಳಿದರು.

ಹಿರಿಯರು ಮಾಡಿದ್ದೆಲ್ಲ ಪೂಜ್ಯವೆಂಬುದು ನಮ್ಮ ವಾದವಲ್ಲವೆಂಬುದಕ್ಕೆ ಇದು ಸಾಕು. ಯಾವುದು ಬಂಡಿಗೂ ಅದರ ಮೇಲಿನ ಮನುಷ್ಯರಿಗೂ ಹಿತವಾಯಿತೋ ಅದು ಉಳಿಯಬೇಕು. ಯಾವುದು ಕೇಡಾಯಿತೋ ಅದು ಹೋಗಬೇಕು. ಬ್ರೇಕಿನ ಲೈನಿಂಗು, ಟಯರು, ಕ್ಲಚ್ಚಿನ ತಂತಿ ಇವುಗಳಲ್ಲಿ ಹಳೆಯದರ ಮಮತೆ ಪ್ರಾಣಕ್ಕೆ ಮುಳುವು. ಆರು ವೋಲ್ಟಿನ ಮಿಣುಕು ದೀಪವನ್ನು ತೆಗೆದು ಹನ್ನೆರಡು ವೋಲ್ಟಿಗೆ ಮಾರ್ಪಡಿಸಿದವರು ನಾವೇ. ಕಾಡಾನೆಗಳು ರಸ್ತೆ ದಾಟುವ ನಾಡಿನಲ್ಲಿ ಮೂಲರೂಪದ ಕತ್ತಲೆಯನ್ನು ಯಾರೂ ಬಯಸರು.

ಹೊಗೆಯ ಆಕ್ಷೇಪಣೆಗೂ ಉತ್ತರ ಕೊಡಬೇಕು. ಅದು ನ್ಯಾಯವಾದ ಆಕ್ಷೇಪಣೆ. ಎರಡು ಹೊಡೆತದ ಎಂಜಿನು ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಸುಡುತ್ತದೆ, ಸುಡದ ಮಿಶ್ರಣವನ್ನೂ ಹೊರಬಿಡುತ್ತದೆ. ಇದನ್ನು ಅಲ್ಲಗಳೆದರೆ ನಾವು ವಿಜ್ಞಾನದ ಪಾಠ ಹೇಳಲು ಅರ್ಹರಲ್ಲ. ಆದುದರಿಂದ ಬಂಡಿಯನ್ನು ವಾರಕ್ಕೆ ಎರಡು ದಿನ ಹೊರತೆಗೆಯುತ್ತೇವೆ; ಉಳಿದ ದಿನ ಬೈಸಿಕಲ್ಲು. ಆದರೆ ಹೊಗೆಯ ಹೆಚ್ಚಿನ ಭಾಗವು ಬಂಡಿಯ ವಯಸ್ಸಿನಿಂದಲ್ಲ, ಒಡೆಯನ ಅಲಕ್ಷ್ಯದಿಂದ ಹುಟ್ಟುತ್ತದೆ. ಲೀಟರು ಪೆಟ್ರೋಲಿಗೆ ಸುಮಾರು ೪೦ ಮಿಲಿಲೀಟರು ಎಣ್ಣೆ ಸಾಕಾಗುವಲ್ಲಿ, ‘ಇರಲಿ’ ಎಂದು ಎರಡರಷ್ಟು ಸುರಿಯುವವರಿದ್ದಾರೆ. ನಾವು ಅಳತೆಯ ಸೀಸೆಯನ್ನು ಕ್ಯಾರಿಯರಿನಲ್ಲಿಯೇ ಇಟ್ಟುಕೊಂಡಿರುತ್ತೇವೆ. ಹಿಂದಿನಂತೆ ಎಣ್ಣೆ ಬೆರಸಿ ಕೊಡುವ ಯಂತ್ರ ಬಂಕುಗಳಲ್ಲಿ ಈಗ ಕಾಣಸಿಗುವುದು ಅಪರೂಪ. ಬಿಳಿಯ ಹೊಗೆ ಬಿಡದೆ ಸುತ್ತಿಕೊಂಡರೆ ಕ್ಲಚ್ಚಿನ ಕಡೆಯ ಎಣ್ಣೆಸೀಲು ಸವೆದು, ಗೇರು ಪೆಟ್ಟಿಗೆಯ ಎಣ್ಣೆಯನ್ನು ಎಂಜಿನು ಹೀರುತ್ತಿದೆಯೇ ಎಂದು ನೋಡಬೇಕು. ಅದಕ್ಕೆ ಎದುರಾದ ಡೈನಮೋ ಕಡೆಯ ಸೀಲು ಸವೆದರೆ ರೋಗ ಬೇರೆ. ಅಲ್ಲಿ ಗಾಳಿ ನುಗ್ಗಿ ಮಿಶ್ರಣ ತೆಳುವಾಗಿ ಎಂಜಿನು ಕಾಯುತ್ತದೆ, ಕೊನೆಗೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಂಗೈಯಗಲವೂ ಇಲ್ಲದ ಎರಡು ರಬ್ಬರು ಬಳೆಗಳು. ಒಂದು ಹೊಗೆಯಾಗಿ ಹೇಳುತ್ತದೆ, ಇನ್ನೊಂದು ಹೇಳದೆಯೇ ಕೊಲ್ಲುತ್ತದೆ.

ಇದನ್ನು ಹುಡುಗರಿಗೆ ವಿವರಿಸುವಾಗ ನಾವು ಸೈಕಲ್ಲಿನ ಪಂಪನ್ನು ಕೈಗೆ ಕೊಡುತ್ತೇವೆ. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕ್ರಾಂಕು ಕೇಸು ಮಿಶ್ರಣವನ್ನು ಒಳಕ್ಕೆಳೆಯುತ್ತದೆ, ಇಳಿಯುವಾಗ ಅದನ್ನೊತ್ತಿ ಮೇಲಕ್ಕಟ್ಟುತ್ತದೆ. ಪಂಪಿನ ತೊಗಲು ಹರಿದರೆ ಗಾಳಿ ಹೇಗೆ ನಿಲ್ಲದೋ ಹಾಗೆಯೇ ಇಲ್ಲಿಯೂ. ವಾಯುವಿನ ಒತ್ತಡದ ಪಾಠವನ್ನು ಕರಿಹಲಗೆಯ ಮೇಲೆ ಮೂರು ವರುಷ ಬರೆದೆವು. ಅರ್ಥವಾದದ್ದು ಒಂದು ಶನಿವಾರ, ಹೊಂಗೆಯ ಮರದಡಿ. ಟ್ಯಾಂಕನ್ನು ಮೊದಲೇ ಕಳಚಿ ದೂರವಿಟ್ಟು, ಬೆಂಕಿಯ ಸುಳಿವಿಲ್ಲದ ಕಡೆ ಕುಳಿತು, ಸಿಲಿಂಡರಿನ ತಲೆಯನ್ನು ಬಿಚ್ಚುತ್ತೇವೆ. ಪಿಸ್ಟನ್ನಿನ ನೆತ್ತಿಯ ಮೇಲೂ ಹೊಗೆಯ ಕಿಂಡಿಯಲ್ಲೂ ಕಟ್ಟಿದ ಕರಿಯನ್ನು ಬಿದಿರಿನ ಚಕ್ಕೆಯಿಂದ ಕೆರೆಯುವುದು ಹುಡುಗರ ಕೆಲಸ. ಉಕ್ಕಿನ ತಿರುಪುಳಿ ತಾಕಿಸಿದರೆ ಅಲ್ಯುಮಿನಿಯಮಿನ ಮೇಲೆ ಗೀರು ಬೀಳುತ್ತದೆ. ಪಾಯಿಂಟಿನ ಅಂತರ ೦.೪ ಮಿಲಿಮೀಟರು. ದಶಮಾಂಶ ಭಿನ್ನರಾಶಿಗೆ ಜಗತ್ತಿನಲ್ಲಿ ಏನು ಉಪಯೋಗವೆಂದು ಕೇಳುತ್ತಿದ್ದ ಹುಡುಗನೇ ಈಗ ಅಳತೆಯ ಪಟ್ಟಿಯನ್ನು ಸಂದಿನಲ್ಲಿ ತೂರಿಸಿ, ‘ಬಿಗಿ, ಇನ್ನೂ ಬಿಗಿ’ ಎನ್ನುತ್ತಾನೆ.

ಉಪಾಧ್ಯಾಯನಿಗೆ ಇದು ಒಪ್ಪುವ ಕೆಲಸವಲ್ಲವೆಂಬ ಟೀಕೆ ನಮ್ಮ ಕಿವಿಗೆ ಬಿದ್ದಿದೆ. ಹಾಜರಿ ಪುಸ್ತಕದ ಮೇಲೆ ನಮ್ಮ ಗ್ರೀಸಿನ ಹೆಬ್ಬೆರಳು ಮೂಡಿದ್ದನ್ನು ಮೇಲಧಿಕಾರಿಗಳೊಬ್ಬರು ಕಂಡರು ಕೂಡ. ಅಷ್ಟು ತಪ್ಪು ನಮ್ಮದೇ, ಸೋಪು ಸಾಲಲಿಲ್ಲ. ಆದರೆ ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯನ್ನು ತರಬೇತಿ ಶಾಲೆಯಲ್ಲಿ ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಕೈಕಸಬಿನ ಮೂಲಕ ಕಲಿಸುವುದೆಂದು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದವರು, ಕೈಯಲ್ಲಿ ಕಸಬು ಕಂಡಾಗ ಮೂಗು ಮುರಿಯುವುದು ವಿಚಿತ್ರ.

ಇನ್ನು ವಾರಸುದಾರಿಕೆಯ ಮಾತು. ತಾತನವರಿಂದ ನಮಗೆ ಬಂದದ್ದು ಬಂಡಿ ಒಂದೇ ಅಲ್ಲ, ಅದರೊಡನೆ ಒಂದು ಲೆಕ್ಕದ ಪುಸ್ತಕವೂ ಬಂದಿದೆ. ಯಾವ ದಿನ ರಿಂಗು ಬದಲಾಯಿತು, ಯಾವ ದಿನ ಚೈನು ಬಿಗಿಯಿತು, ಯಾವ ಊರಿಗೆ ಯಾವ ಹೊತ್ತಿನಲ್ಲಿ ಹೋಯಿತು ಎಲ್ಲವೂ ಕನ್ನಡದಲ್ಲಿ, ಸೀಸದ ಕಡ್ಡಿಯಲ್ಲಿ. ಹೆರಿಗೆಯ ರಾತ್ರಿಗಳ ಎದುರಿಗೆ ಗಂಡೋ ಹೆಣ್ಣೋ ಎಂದು ಒಂದಕ್ಷರ. ಅದರಲ್ಲಿ ಒಂದು ಸೂಚನೆ ಹೀಗಿದೆ: ದಿಂಬಂ ಘಟ್ಟ ಇಳಿಯುವಾಗ ಆಕ್ಸಿಲೇಟರನ್ನು ಪೂರ್ತಿ ಮುಚ್ಚಿ ಇಳಿಯಬಾರದು, ತಿರುವಿಗೊಮ್ಮೆ ಸ್ವಲ್ಪ ತೆರೆಯಬೇಕು. ಬಹುಕಾಲ ನಮಗೆ ಇದು ತಾತನ ಚಪಲವೆಂದು ತೋರಿತ್ತು. ಆಮೇಲೆ ತಿಳಿಯಿತು. ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತಿರುವ ಎಂಜಿನಿದು. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು. ಗೇರಿನಲ್ಲಿಯೇ ಹಿಡಿದುಕೊಂಡು ೨೭ ಕೊಂಡಿತಿರುವುಗಳನ್ನು ಆಕ್ಸಿಲೇಟರು ಮುಚ್ಚಿ ಇಳಿದರೆ, ಪಿಸ್ಟನ್ನು ಬರಿಗೋಡೆಗೆ ಉಜ್ಜುತ್ತ ಬಣ್ಣಾರಿಯನ್ನು ತಲಪುವ ಮೊದಲೇ ಕಚ್ಚಿಕೊಳ್ಳಬಹುದು. ಬಂಡಿಯನ್ನು ಗಾಜಿನ ಕೋಣೆಯಲ್ಲಿ ನಿಲ್ಲಿಸಿದ ದಿನ ಆ ಸೂಚನೆಗೆ ಅರ್ಥವೇ ಇಲ್ಲ. ಬೆಲೆ ಹೇಳಿದ ಮಹನೀಯರು ಈ ಪುಸ್ತಕವಿದೆಯೇ ಎಂದು ಕೇಳಲೂ ಇಲ್ಲ. ಟ್ಯಾಂಕಿನ ಮೇಲಿನ ಚಿನ್ನದ ಗೆರೆ ಕೈಯಿಂದ ಎಳೆದದ್ದೇ ಎಂದು ಕೇಳಿದರು.

ಅದೇ ಹೆಸರಿನ ಹೊಸ ಬಂಡಿಯನ್ನು ಕೊಳ್ಳಬಾರದೇ ಎಂದೂ ಕೆಲವರು ಕೇಳುತ್ತಾರೆ. ೨೦೧೮ರಲ್ಲಿ ಜಾವಾ ಹೆಸರೂ ೨೦೨೨ರಲ್ಲಿ ಯೆಜ್ಡಿ ಹೆಸರೂ ಮತ್ತೆ ಪೇಟೆಗೆ ಬಂದವು. ನಾಲ್ಕು ಹೊಡೆತದ, ನೀರಿನಿಂದ ತಂಪಾಗುವ ಎಂಜಿನು. ಒಳ್ಳೆಯ ಬಂಡಿಗಳೇ ಇರಬಹುದು. ಹೆಸರು ಒಂದಾದ ಮಾತ್ರಕ್ಕೆ ನೆರೆಮನೆಯವರು ನಮ್ಮ ತಾತನಾಗುವರೇ?

ಆದರೂ ತಮ್ಮನ ಮಾತು ಉಳಿಯಿತು. ಸೂರು ಸೋರುವುದು ಸುಳ್ಳಲ್ಲ. ಸೋರುವ ಮನೆಯಲ್ಲಿ ಕುಳಿತು ಪರಂಪರೆಯ ಮಾತಾಡುವುದು ಸುಲಭವೂ ಅಲ್ಲ. ಅವನಿಗೆ ನಾವು ಲೆಕ್ಕವನ್ನೇ ಮುಂದಿಟ್ಟೆವು. ಕಳೆದ ಐದು ವರುಷಗಳಲ್ಲಿ ಈ ಬಂಡಿಗಾಗಿ ನಾವು ಮಾಡಿದ ಖರ್ಚು, ಅವನು ಕಂತಿನ ಮೇಲೆ ಕೊಂಡ ಹೊಸ ಸ್ಕೂಟರಿಗೆ ಕಟ್ಟಿದ ಬಡ್ಡಿಗಿಂತ ಕಡಮೆ. ರಿಪೇರಿಯ ಕೂಲಿ ಹೊರಗೆ ಹೋಗಿಲ್ಲ. ಸೂರಿಗೆ ಸಹಕಾರ ಸಂಘದ ಸಾಲವನ್ನು ನಮ್ಮ ಹೆಸರಿನಲ್ಲಿ ತೆಗೆಯುವುದೆಂದು ಒಪ್ಪಂದವಾಗಿದೆ. ಅವನು ಪೂರ್ತಿ ಸಮಾಧಾನ ಪಟ್ಟಿದ್ದಾನೆಂದು ಹೇಳಲಾರೆವು. ‘ಸಾಲ ತೀರುವವರೆಗೆ ಗಾಡಿ ನಿನ್ನದು, ಆಮೇಲೆ ನೋಡೋಣ’ ಎಂದಿದ್ದಾನೆ.

ನಮಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಸಂಗ್ರಾಹಕರೂ ಅಲ್ಲ, ಗುಮಾಸ್ತರೂ ಅಲ್ಲ. ೨೦೨೫ರ ಹೊತ್ತಿಗೆ ಬಂಕುಗಳ ಪೆಟ್ರೋಲಿನಲ್ಲಿ ಶೇಕಡ ೨೦ರಷ್ಟು ಎಥನಾಲು ಬೆರೆತಿದೆ. ಎಥನಾಲು ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ಆ ನೀರು ಬೇರೆಯಾಗಿ ಕೂತು ತುಕ್ಕು ಹಿಡಿಸುತ್ತದೆ. ಹಳೆಯ ರಬ್ಬರು ಕೊಳವೆಗಳು ಅದರಲ್ಲಿ ಉಬ್ಬಿ ಬಿರಿಯುತ್ತವೆ; ಕಾರ್ಬುರೇಟರಿನ ವಾಷರುಗಳೂ ಹಾಗೆಯೇ. ನಾವು ಕೊಳವೆಯನ್ನು ಬದಲಾಯಿಸಿದ್ದೇವೆ. ಟ್ಯಾಂಕಿನಲ್ಲಿ ವಾರಕ್ಕೆ ಬೇಕಾದಷ್ಟನ್ನೇ ತುಂಬಿಸುತ್ತೇವೆ. ಇಲ್ಲಿಯೂ ನೋಡಿರಿ, ಓಡುತ್ತಿರುವ ಬಂಡಿಯ ಟ್ಯಾಂಕು ಹೊಸ ಪೆಟ್ರೋಲು ಕಾಣುತ್ತದೆ. ಮೆರವಣಿಗೆಯಿಂದ ಮೆರವಣಿಗೆಯವರೆಗೆ ನಿಂತದ್ದರ ಟ್ಯಾಂಕು ಒಳಗಿನಿಂದ ಕೊರೆಯುತ್ತಿರುತ್ತದೆ, ಹೊರಗೆ ಚಿನ್ನದ ಗೆರೆ ಇದ್ದೇ ಇರುತ್ತದೆ.

ಉಪನ್ಯಾಸಕರು ಹೋಗುವಾಗ ಒಂದು ಸಲಹೆಯನ್ನೂ ಇತ್ತಿದ್ದರು: ಬಂಡಿಯನ್ನು ಮಾರದಿದ್ದರೆ ಬೇಡ, ಆ ಹಲಗೆಯನ್ನಾದರೂ ಕತ್ತರಿಸಿ ಮನೆಯ ಗೋಡೆಗೆ ನೇತುಹಾಕಿರಿ, ನೆನಪೂ ಉಳಿಯಿತು, ರೂಪವೂ ಉಳಿಯಿತು. ಕಳೆದ ಆಷಾಢದಲ್ಲಿ ನಮ್ಮ ಶಾಲೆಯ ಅಡುಗೆಯ ಸಹಾಯಕಿಯೊಬ್ಬರಿಗೆ ದಿನ ತುಂಬಿದ್ದು, ಆಂಬುಲೆನ್ಸು ಬರುವ ದಾರಿ ಮರ ಬಿದ್ದು ಕಟ್ಟಿತ್ತು. ಅವರನ್ನು ಒಂದೂವರೆ ಮೈಲಿ, ಆಂಬುಲೆನ್ಸು ನಿಂತಿದ್ದ ತಿರುವಿನವರೆಗೆ, ನಡಿಗೆಯ ವೇಗದಲ್ಲಿ ಕರೆದೊಯ್ದದ್ದು ಇದೇ ಬಂಡಿ. ಅವರು ಎರಡು ಪಾದವನ್ನೂ ಊರಿ ಕುಳಿತದ್ದು ಅದೇ ಹಲಗೆಯ ಮೇಲೆ. ಪುಸ್ತಕದಲ್ಲಿ ತಾತನವರ ಕ್ರಮದಂತೆಯೇ ಬರೆದಿದ್ದೇವೆ, ಹೆಣ್ಣು.

ಕ್ಲಚ್ಚಿನ ಕಡೆಯ ಸೀಲು ಈಗ ಮತ್ತೆ ಹೊಗೆಯಾಡುತ್ತಿದೆ. ಹೊಸದು ಮೈಸೂರಿನಿಂದ ಈ ವಾರ ಬರಬೇಕು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕ್ಲಚ್ಚು ಬಿಚ್ಚುವುದಿದೆ. ಮಹನೀಯರು ದಯಮಾಡಿಸುವುದಾದರೆ ಸ್ವಾಗತ. ಕ್ಲಚ್ಚು ಎಳೆಯುವ ಪುಲ್ಲರು ಅವರ ಬಳಿ ಇದೆಯೆಂದು ಕೇಳಿದ್ದೇವೆ, ನಮ್ಮದರ ಮರೆ ಸವೆದಿದೆ.